ಹೈನು ದನಗಳಿಗೆ ಕೊಡುವ ಪ್ರತಿಜೀವಕ ಔಷಧಗಳೂ ಅವುಗಳಿಗೆ ಬಗ್ಗದ ರೋಗಾಣುಗಳೂ

ಕೆಚ್ಚಲುಬಾವು ಎಂಬ ರೋಗವು ಹೈನು ದನಗಳನ್ನು ಸಾಕತಕ್ಕವರೆಲ್ಲರಿಗೂ ಪರಿಚಿತವಾದದ್ದೇ. ಕೆಚ್ಚಲು ಊದಿ ಬಿಸಿಯೇರಿ, ಹಾಲು ಒಡೆದು ಗರಣೆಗರಣೆಯಾಗಿ ಬರಲಾರಂಭಿಸಿದೊಡನೆಯೇ, ಪಶುವೈದ್ಯರಿಗೆ ಹೇಳಿಕಳುಹಿಸುವುದಕ್ಕೆ ಮುಂಚಿತವಾಗಿ ಅಂಗಡಿಯಿಂದ ಆಂಟಿಬಯಾಟಿಕ್ ಎಂಬ ಪ್ರತಿಜೀವಕ ಔಷಧವನ್ನು ತರಿಸಿ ಹಾಕುವ ರೂಢಿಯು ಅನೇಕ ಕಡೆಗಳಲ್ಲಿ ಉಂಟಾಗಿದೆ. ಎರಡು ದಿವಸಗಳಲ್ಲಿ ಬಾವು ಇಳಿದರೆ, ಮಿಕ್ಕ ಔಷಧವನ್ನು ಮುಂದಿನ ಸಾರಿಗೆಂದು ಗೂಡಿನಲ್ಲಿ ಎತ್ತಿಡುವುದೂ ಉಂಟು. ಈ ರೂಢಿಯಿಂದ ದನಕ್ಕೆ ಮಾತ್ರವೇ ಅಲ್ಲದೆ, ಹಾಲು ಕರೆಯುವವರಿಗೂ ಕರುಗಳನ್ನು ನೋಡಿಕೊಳ್ಳುವ ಮಕ್ಕಳಿಗೂ ಅಪಾಯವು ಹೇಗೆ ತಟ್ಟುತ್ತದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದುಕೊಳ್ಳುವುದು ಅವಶ್ಯಕವು.

ದನದ ಕೆಚ್ಚಲಲ್ಲಿಯೂ ಕರುಳಿನಲ್ಲಿಯೂ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಯಾವುದೋ ಕೆಲವು ಔಷಧವನ್ನು ತಾಳಿಕೊಳ್ಳುವ ಶಕ್ತಿಯನ್ನು ಮೊದಲೇ ಪಡೆದಿರಬಹುದು. ಔಷಧವು ಮಿಕ್ಕವುಗಳನ್ನು ಕೊಂದು, ಇವುಗಳಿಗೆ ಜಾಗವನ್ನು ತೆರವು ಮಾಡಿಕೊಡುತ್ತದೆ. ಕಳೆ ಕೀಳುವವನು ಪೈರನ್ನು ಕಿತ್ತು ಕಳೆಯನ್ನೇ ಉಳಿಸಿದಂತೆ ಇದಾಗುತ್ತದೆ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು ಔಷಧವನ್ನು ಕಡಮೆ ಪ್ರಮಾಣದಲ್ಲಿ ಕೊಡುವುದರಿಂದ ಈ ಕೆಡುಕು ಒದಗುವುದೆಂದು 1945ನೆಯ ಇಸವಿಯಲ್ಲಿ ನೊಬೆಲ್ ಪಾರಿತೋಷಕದ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಇದಲ್ಲದೆ, ಒಂದು ಜಾತಿಯ ರೋಗಾಣುವು ತನ್ನ ತಾಳಿಕೆಯ ಗುಣವನ್ನು ಬೇರೊಂದು ಜಾತಿಯದಕ್ಕೂ ದಾಟಿಸಬಲ್ಲುದು.

ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ನಡೆದ ಸಂಗತಿಯು ಇಲ್ಲಿ ವಿಚಾರಾರ್ಹವಾಗಿದೆ. ಹುಟ್ಟಿ ಕೆಲವೇ ದಿನಗಳಾದ ಕರುಗಳನ್ನು ದಲ್ಲಾಳಿಗಳು ಹೈನುಮನೆಗಳಿಂದ ಕೊಂಡು, ಒಂದೆಡೆ ಗುಂಪುಗೂಡಿಸಿ, ದೂರದೂರದ ಹೊಲಮನೆಗಳಿಗೆ ಸಾಗಿಸುತ್ತಿದ್ದರು. ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಕರುಗಳಿಗೆ ಭೇದಿಯುಂಟಾಗಲು, ಒಂದರ ಮೇಲೊಂದರಂತೆ ಔಷಧಗಳನ್ನು ಪ್ರಯೋಗಿಸಿದರು. ರೋಗವು ನಿಲ್ಲದೆ, ರೋಗಾಣುವು ಹಲವು ಔಷಧಗಳಿಗೆ ಬಗ್ಗದಂಥಾದ್ದಾಯಿತು. ಅದೇ ರೋಗಾಣುವು ಮನುಷ್ಯರಲ್ಲಿಯೂ ಕಾಣಿಸಿಕೊಂಡಿತು. ಇ. ಎಸ್. ಆಂಡರ್ಸನ್ ಎಂಬ ವಿಜ್ಞಾನಿಗಳು ಇದನ್ನು ಪರಿಶೋಧಿಸಿದರು. 1969ರಲ್ಲಿ ಸ್ವಾನ್ ಸಮಿತಿಯು, ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಕೇವಲ ಬೆಳವಣಿಗೆಗಾಗಿ ಪಶುಗಳ ಮೇವಿನಲ್ಲಿ ಬೆರೆಸಕೂಡದೆಂದು ಶಿಫಾರಸು ಮಾಡಿತು. ಔಷಧದಷ್ಟೇ ತಪ್ಪು, ಎಳೆಗರುಗಳನ್ನು ಗುಂಪುಗೂಡಿಸಿ ಊರೂರಿಗೆ ಹಂಚಿದ ಆ ವ್ಯಾಪಾರದ್ದೂ ಆಗಿತ್ತೆಂಬುದು ನಮ್ಮ ಅಭಿಪ್ರಾಯ. ಅಮೆರಿಕಾದಲ್ಲಿ 2015ರಿಂದ 2017ರವರೆಗೆ ಇಂಥದೇ ಸಂಗತಿಯು ಮರುಕಳಿಸಿತು. ಹೈನುಮನೆಗಳ ಹೋರಿಗರುಗಳಿಂದ ಹಬ್ಬಿದ, ಅನೇಕ ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲಾದಿಂದ 15 ಸಂಸ್ಥಾನಗಳಲ್ಲಿ 56 ಮಂದಿ ಅಸ್ವಸ್ಥರಾದರು. ಅವರಲ್ಲಿ ಎಳೆಯ ಮಕ್ಕಳೂ ಇದ್ದರು.

ಕೆಚ್ಚಲುಬಾವಿಗೆ ಕಾರಣವಾಗುವ ಸ್ಟಾಫಿಲೊಕಾಕಸ್ ಎಂಬ ರೋಗಾಣುವಿನ ವಿಷಯವೂ ಹೀಗೆಯೇ. ಇದೇ ರೋಗಾಣುವು ಮನುಷ್ಯರಲ್ಲಿ ಕುರುವನ್ನೂ ಗಾಯದ ಕೀವನ್ನೂ ಉಂಟುಮಾಡುತ್ತದೆ. ಇಂಗ್ಲೆಂಡಿನಲ್ಲಿ ಹಾಲಿನ ಪರೀಕ್ಷೆಯ ಕಾಲದಲ್ಲಿ ದೊರೆತ ಹೊಸ ಬಗೆಯ ಔಷಧನಿರೋಧಕ ಸ್ಟಾಫಿಲೊಕಾಕಸ್ಸನ್ನು ಕುರಿತು 2011ರಲ್ಲಿ ವರದಿಯು ಪ್ರಕಟವಾಯಿತು. ಡೆನ್ಮಾರ್ಕಿನ ಎರಡು ಹೊಲಮನೆಗಳಲ್ಲಿ, ಒಂದರಲ್ಲಿ ಹಸುವಿಗೂ ಇನ್ನೊಂದರಲ್ಲಿ ಕುರಿಗೂ, ಅಲ್ಲಿಯ ರೋಗಿಗಳಿಗೂ ತಗುಲಿದ್ದ ಈ ರೋಗಾಣುಗಳು ಬಹುಮಟ್ಟಿಗೆ ಒಂದೇ ಎಂದು 2013ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ಸ್ಥಿರಪಟ್ಟಿತು. ಈ ಬಗೆಯ ರೋಗಾಣುವು ಔಷಧಗಳು ಬಳಕೆಗೆ ಬರುವುದಕ್ಕೆ ಮುಂಚೆಯೇ ಹೆಡ್ಜ್‌ಹಾಗ್ ಎಂಬ ಸಣ್ಣ ಮುಳ್ಳುಪ್ರಾಣಿಯ ಚರ್ಮದಲ್ಲಿ ಹುಟ್ಟಿತ್ತೆಂದು 2022ರಲ್ಲಿ ತಿಳಿದುಬಂದದ್ದು ವಿಚಿತ್ರವೇ ಸರಿ. ಔಷಧವು ಇಂಥ ರೋಗಾಣುವನ್ನು ಸೃಷ್ಟಿಸಬೇಕಾಗಿಲ್ಲ. ಇರುವುದನ್ನು ಬೆಳೆಸಿದರೆ ಸಾಕು.

ಹಾಲನ್ನು ಕಾಯಿಸಿ ಕುಡಿಯುವ ನಮ್ಮ ಪದ್ಧತಿಯು ಬಹಳ ಶ್ಲಾಘನೀಯವಾದದ್ದು. ಚೆನ್ನಾಗಿ ಕುದಿಸಿದರೆ ಈ ರೋಗಾಣುಗಳು ಸಾಯುತ್ತವೆ. ಆದರೆ ಹಾಲಿನಲ್ಲಿ ಸೇರಿರುವ ಔಷಧದ ಶೇಷವು ಅಷ್ಟರಿಂದ ಪೂರ್ತಿಯಾಗಿ ನಾಶವಾಗುವುದಿಲ್ಲ. ಕರೆಯುವವರ ಕೈಗೂ, ಸಗಣಿ ಬಾಚುವವರಿಗೂ, ಕರುವಿನೊಡನೆ ಆಡುವ ಮಕ್ಕಳಿಗೂ ಕಾಯಿಸಿದ ಹಾಲಿನಿಂದ ರಕ್ಷಣೆಯೇನೂ ಇಲ್ಲ.

ಔಷಧ ಕೊಟ್ಟ ಹಸುವಿನ ಹಾಲನ್ನು ಏನು ಮಾಡಬೇಕೆಂಬುದೇ ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ. ಔಷಧದ ಚೀಟಿಯಲ್ಲಿ ಹಾಲನ್ನು ಬಿಡಬೇಕಾದ ದಿನಗಳು ನಮೂದಾಗಿರುತ್ತವೆ. ನಮೂದಾಗಿಲ್ಲದಿದ್ದರೆ ಕನಿಷ್ಠಪಕ್ಷ 7 ದಿವಸಗಳೆಂದು ಭಾರತ ಸರ್ಕಾರವು 2012ರಲ್ಲಿ ನಿಯಮವನ್ನು ಮಾಡಿದೆ. ಏಳು ದಿವಸಗಳ ಹಾಲನ್ನು ಚೆಲ್ಲುವುದೆಂದರೆ ಒಂದೆರಡು ಹಸುಗಳುಳ್ಳ ಬಡ ರೈತನಿಗೆ ದೊಡ್ಡ ನಷ್ಟವೇ. ಮಾರಲಾಗದಿದ್ದರೆ ಕರುವಿಗಾದರೂ ಕುಡಿಸೋಣವೆಂದು ಅವನು ಯೋಚಿಸುವುದು ಸಹಜ. ಆದರೆ ಹಾಗೆ ಕುಡಿಸಿದ ಕರುಗಳ ಸಗಣಿಯಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚುತ್ತವೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ತಿಳಿಸಿದೆ. ಆ ಸಗಣಿಯನ್ನು ಬಾಚುವವರು ನಮ್ಮ ಮನೆಯವರೇ. ಆದಕಾರಣ ಈ ಹಾಲನ್ನು ಬಾವಿ ಕೆರೆಗಳಿಂದ ದೂರವಾಗಿ ಗುಂಡಿಯಲ್ಲಿ ಸುರಿದು ಮುಚ್ಚತಕ್ಕದ್ದು. ಡೇರಿಯ ಕ್ಯಾನಿನಲ್ಲಿ ಇದನ್ನು ಬೆರೆಸಿದರೆ ಇಡೀ ಊರಿನ ಹಾಲು ಕೆಡುವುದರಿಂದ, ಸಹಕಾರ ಸಂಘದಲ್ಲಿ ಪ್ರಭಾವವುಳ್ಳ ಜಮೀನುದಾರರು ಇಂಥ ರೈತರ ನಷ್ಟಕ್ಕೆ ಕೊಂಚವಾದರೂ ಪರಿಹಾರವನ್ನು ಏರ್ಪಡಿಸುವುದು ಉಚಿತವು. ಕೇವಲ ಬೋಧನೆಯಿಂದ ಯಾರೂ ಹಾಲನ್ನು ಚೆಲ್ಲಲಾರರು.

ಬಾವುಳ್ಳ ಹಸುವನ್ನು ಕಡೆಯಲ್ಲಿ ಕರೆಯತಕ್ಕದ್ದು. ಒಂದೊಂದು ಹಸುವನ್ನು ಕರೆದ ತರುವಾಯವೂ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಕೈಯಲ್ಲಿ ಗಾಯವಿರುವವರು ಕರೆಯಬಾರದು. ಭೇದಿಯಾಗುತ್ತಿರುವ ಕರುವನ್ನು ಸಂತೆಗೆ ಹೊಡೆದುಕೊಂಡು ಹೋಗದಂತೆ ಮುಖಂಡರು ತಡೆಯಬೇಕು. ದನ ಸಾಕುವ ಮನೆಯವರು ಭೇದಿಯಿಂದಲೋ ವಾಸಿಯಾಗದ ಕುರುವಿನಿಂದಲೋ ಆಸ್ಪತ್ರೆಗೆ ಹೋದಾಗ, ದನಗಳ ಸಂಗತಿಯನ್ನೂ ಡಾಕ್ಟರಿಗೆ ತಿಳಿಸಬೇಕು. ಮನುಷ್ಯರ ಚಿಕಿತ್ಸೆಯಲ್ಲಿ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು 2019ರಲ್ಲಿ ಭಾರತ ಸರ್ಕಾರವು ನಿಷೇಧಿಸಿದೆಯೆಂಬುದನ್ನೂ ಅಂಗಡಿಯವರಿಗೆ ಜ್ಞಾಪಿಸಬಹುದು.

ಯಾವ ಔಷಧವು ತಗುಲುತ್ತದೆಂಬುದನ್ನು ಹಾಲಿನ ಪರೀಕ್ಷೆಯಿಂದ ತಿಳಿಯಬಹುದು. ಆದರೆ ಮಾದರಿಯನ್ನು ಮೊದಲನೆಯ ಔಷಧ ಬೀಳುವುದಕ್ಕೆ ಮುಂಚೆಯೇ ತೆಗೆಯಬೇಕು. ಮೊಲೆಯನ್ನು ತೊಳೆದು ಒರಸಿ, ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ, ಮೊದಲಿನ ಕೆಲವು ಧಾರೆಗಳನ್ನು ಬಿಟ್ಟು, ಪಶುವೈದ್ಯರು ಕೊಟ್ಟ ಶುದ್ಧವಾದ ಸೀಸೆಯಲ್ಲಿ ಹಾಲನ್ನು ಹಿಡಿದು, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಪಶುಚಿಕಿತ್ಸಾಲಯಕ್ಕೆ ತಲಪಿಸತಕ್ಕದ್ದು.