ತಿರುಪು ಮುಚ್ಚಳದ ರಚನೆಯೂ ಅದನ್ನು ಆರಿಸುವ ಕ್ರಮವೂ

ಸುಗ್ಗಿಯ ಕಾಲದಲ್ಲಿ ಹಣ್ಣುಕಾಯಿಗಳನ್ನು ಕೆಡದಂತೆ ಕಟ್ಟಿಡುವವರು ಹಣ್ಣಿನ ಜಾತಿ, ಸಕ್ಕರೆಯ ತೂಕ, ಉಪ್ಪಿನ ಅಳತೆ ಇವುಗಳನ್ನು ಕುರಿತು ಬಹಳವಾಗಿ ವಿಚಾರಿಸುವರು. ಮುಚ್ಚಳವನ್ನು ಕುರಿತು ವಿಚಾರಿಸುವವರು ಅಪರೂಪ. ಪಾಕವು ಎಷ್ಟು ಚೆನ್ನಾಗಿದ್ದರೂ ಮುಚ್ಚಳವು ಕೂದಲೆಳೆಯಷ್ಟು ಸಂದು ಬಿಟ್ಟರೆ ತಿಂಗಳೊಳಗಾಗಿ ಬೂಷ್ಟು ಹಿಡಿದು ಶ್ರಮವೂ ಹಣವೂ ನಷ್ಟವಾಗುವುವು. ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಅದನ್ನು ಮುಂದೆ ಹೇಳಲಾಗುವುದು.

ಬೆಂಗಳೂರಿನ ಪಶ್ಚಿಮಕ್ಕಿರುವ ಮಾರೇನಹಳ್ಳಿಯು ಹಿಂದೆ ಬೇರೆಯೇ ಗ್ರಾಮವಾಗಿದ್ದು, ಈಗ ವಿಜಯನಗರದೊಡನೆ ಸೇರಿ ನಗರದ ಒಳಗೇ ಆಗಿಹೋಗಿದೆ. ಹೊಲಗದ್ದೆಗಳು ಹೋದುವಾದರೂ ಹೊಲದ ಫಸಲು ಹೋಗಲಿಲ್ಲ. ಮಾಗಡಿ, ರಾಮನಗರದ ಕಡೆಯ ಮಾವು, ಹುಣಿಸೆ, ನೆಲ್ಲಿ ಇವು ಕಾಲಕಾಲಕ್ಕೆ ಇತ್ತ ಬರುತ್ತಲೇ ಇರುವುವು. ಉಪ್ಪಿನಕಾಯಿ, ಗೊಜ್ಜು, ಹಣ್ಣಿನ ಪಾಕಗಳನ್ನು ಮನೆಯಲ್ಲಿಯೇ ಮಾಡಿ ನೆರೆಹೊರೆಗೆ ಮಾರಿ ನಾಲ್ಕು ಕಾಸು ಸಂಪಾದಿಸುವ ಗೃಹಿಣಿಯರು ಇಂಥ ಬಡಾವಣೆಗಳಲ್ಲಿ ಉಂಟು. ಅತ್ತ ಕಾಮಾಕ್ಷಿಪಾಳ್ಯ, ರಾಜಾಜಿನಗರಗಳಲ್ಲಿ ತಗಡನ್ನು ಅಚ್ಚಿನಲ್ಲಿ ಒತ್ತಿ ಸಾಮಾನು ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳಿವೆ. ಮುಚ್ಚಳವನ್ನು ಬಳಸುವವರೂ ಅಂಥ ಕೆಲಸವನ್ನು ಬಲ್ಲವರೂ ಕೆಲವೇ ಮೈಲಿಗಳ ಒಳಗೆ ವಾಸವಾಗಿರುವರು. ಇವರಿಬ್ಬರೂ ಒಂದೇ ವಿಷಯವನ್ನು ತಿಳಿದಿರುವುದು ಒಳ್ಳೆಯದೆಂದು ಈ ಪಾಠವನ್ನು ಬರೆದಿದೆ.

ಮೊದಲು ತಿಳಿಯತಕ್ಕ ಮುಖ್ಯಾಂಶವೇನೆಂದರೆ, ಸೀಸೆಯನ್ನು ಭದ್ರಮಾಡುವುದು ತಿರುಪಿನ ಸುತ್ತಲ್ಲ. ಈ ಸುತ್ತನ್ನು ಕಾರ್ಖಾನೆಯವರು ಥ್ರೆಡ್ ಎನ್ನುವರು. ಸುತ್ತುಗಳು ಒಂದರೊಳಗೊಂದು ಕಚ್ಚಿಕೊಳ್ಳುವುದರಿಂದಲೇ ಗಾಳಿಯು ಒಳಗೆ ಹೋಗದೆಂದು ಜನರು ತಿಳಿದಿರುವರು; ಇದು ತಪ್ಪು. ಗಾಜಿನ ಸುತ್ತು ದುಂಡಗೆ, ಒರಟಾಗಿ ಇರುವುದು. ಅದನ್ನು ಎರಡು ಹೋಳಾಗಿ ಬಿಚ್ಚಿಕೊಳ್ಳುವ ಅಚ್ಚಿನಲ್ಲಿ ಎರೆಯುವುದರಿಂದ ಹೋಳುಗಳು ಸೇರುವ ಗೆರೆಯು ಸುತ್ತಿಗೆ ಅಡ್ಡಲಾಗಿ ಹಾಯುವುದು. ತಗಡಿನ ಸುತ್ತಾದರೋ ಅದಕ್ಕೆ ಸಡಿಲವಾಗಿಯೇ ಹೊಂದುವಂತೆ ಮಾಡಲ್ಪಟ್ಟಿದೆ. ಬಿಗಿದಾಗ ಮುಚ್ಚಳದ ಸುತ್ತು ಗಾಜಿನ ಸುತ್ತಿನ ಕೆಳಮೈಯನ್ನು ಮಾತ್ರ ಹಿಡಿಯುವುದು. ಮೇಲ್ಮೈಯಲ್ಲಿ ಸಂದು ಹಾಗೆಯೇ ಉಳಿಯುವುದು. ಆ ಸಂದಿನಲ್ಲಿ ಗಾಳಿಯು ಸರಾಗವಾಗಿ ಓಡಾಡಬಲ್ಲುದು. ಭದ್ರವಾಗುವ ಸ್ಥಳವು ಬೇರೆ: ಸೀಸೆಯ ಬಾಯಿಯ ಅಂಚೂ ಮುಚ್ಚಳದ ಒಳಗಿನ ಮೆತ್ತೆಯೂ ಒಂದನ್ನೊಂದು ಒತ್ತುವ ಉಂಗುರಾಕಾರದ ಗೆರೆ. ತಿರುಪಿನ ಕೆಲಸವು ಮುಚ್ಚಳವನ್ನು ಕೆಳಕ್ಕೆ ಎಳೆದು ಆ ಗೆರೆಯ ಮೇಲೆ ಭಾರ ಹಾಕುವುದಷ್ಟೆ.

ತಿರುಪೆಂಬುದು ಕೊರಳಿನ ಸುತ್ತ ಸುತ್ತಿದ ಇಳಿಜಾರಲ್ಲದೆ ಬೇರಲ್ಲ. ನಂದಿಬೆಟ್ಟವನ್ನು ಬಳಸಿ ಏರುವ ರಸ್ತೆಯನ್ನು ಇದಕ್ಕೆ ಹೋಲಿಸಬಹುದು. ೬೩ ಮಿಲಿಮೀಟರು ಅಗಲದ ಬಾಯಿಯ ಜಾಡಿಯಲ್ಲಿ ಸುತ್ತಳತೆಯು ಸುಮಾರು ೧೯೮ ಮಿಲಿಮೀಟರು. ಇಂಥ ಜಾಡಿಗಳಿಗೆ ರೂಢಿಯಲ್ಲಿರುವ ಅಳತೆಯಂತೆ ಅಂಗುಲಕ್ಕೆ ಆರು ಸುತ್ತು, ಅಂದರೆ ಒಂದು ಪೂರ್ಣ ಸುತ್ತಿಗೆ ಮುಚ್ಚಳವು ನಾಲ್ಕೂಕಾಲು ಮಿಲಿಮೀಟರು ಇಳಿಯುವುದು. ಹೀಗಾಗಿ ಇಳಿಜಾರು ೪೭ಕ್ಕೆ ಒಂದು ಮಾತ್ರ. ಲೋಹಕ್ಕೂ ಗಾಜಿಗೂ ಇರುವ ಘರ್ಷಣೆಯು ಹತ್ತಕ್ಕೆ ಒಂದರ ಇಳಿಜಾರಿನಲ್ಲಿಯೂ ಜಾರದಂತೆ ಸಾಮಾನ್ಯವಾಗಿ ತಡೆಯುವುದಾದುದರಿಂದ ಬಿಗಿದ ಮುಚ್ಚಳವು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ೨೮ ಮಿಲಿಮೀಟರಿನ ಕಿರುಬಾಯಿಗೂ ಅಂಗುಲಕ್ಕೆ ಆರೇ ಸುತ್ತಿರುವುದರಿಂದ ಅಲ್ಲಿ ಇಳಿಜಾರು ೨೧ಕ್ಕೆ ಒಂದಾಗುವುದು. ಇದರ ಮೇಲೆ ಎಣ್ಣೆ ಸೋಂಕಿತೆಂದರೆ ಘರ್ಷಣೆಯು ಕುಗ್ಗಿ, ಬಸ್ಸಿನ ಕುಲುಕಾಟಕ್ಕೆ ಮುಚ್ಚಳವು ಸಡಿಲವಾಗುವುದುಂಟು. ಆದುದರಿಂದ ತುಂಬಿದ ಮೇಲೆ ಬಾಯಿಯ ಅಂಚನ್ನೂ ಸುತ್ತನ್ನೂ ಶುಚಿಯಾದ ಒದ್ದೆ ಬಟ್ಟೆಯಿಂದ ಒರೆಸಿದ ಹೊರತು ಮುಚ್ಚಳ ಹಾಕಕೂಡದು.

ಈ ರಚನೆಯನ್ನು ಮನೆಬಳಕೆಯ ಜಾಡಿಗೆ ತಂದು ಪ್ರಸಿದ್ಧನಾದವನು ಅಮೆರಿಕಾ ದೇಶದ ಜಾನ್ ಲ್ಯಾಂಡಿಸ್ ಮೇಸನ್ ಎಂಬ ತಗಡಿನ ಕೆಲಸಗಾರ. ೧೮೫೮ನೆಯ ನವೆಂಬರ್ ೩೦ರಂದು ಅವನಿಗೆ ಹಕ್ಕುಪತ್ರ ದೊರೆಯಿತು. ಅವನಿಗಿಂತ ಮೊದಲು ಜಾಡಿಗೆ ತಗಡನ್ನಿಟ್ಟು ಅರಗಿನಿಂದ ಮೆತ್ತುತ್ತಿದ್ದರು. ಬಿರಡೆಗೆ ತಂತಿ ಕಟ್ಟುತ್ತಿದ್ದುದೂ ಉಂಟು. ಗಾಜಿಗೆ ತಿರುಪನ್ನು ಮಾಡುವುದು ಮೇಸನ್ನನ ಕಾಲಕ್ಕೆ ಹೊಸದಲ್ಲ. ಅವನ ಜಾಣ್ಮೆಯಿದ್ದುದು ಆ ತಿರುಪನ್ನು ಹೆಗಲಿನವರೆಗೆ ಓಡಿಸದೆ ನಡುವೆಯೇ ಮಾಯವಾಗುವಂತೆ ಬಿಟ್ಟುದರಲ್ಲಿ. ಹೀಗೆ ಮಾಡಿದುದರಿಂದ ಮುಚ್ಚಳದ ಕೆಳ ಅಂಚು ಯಾವ ಅಡ್ಡಿಯೂ ಇಲ್ಲದೆ ಹೆಗಲಿನ ಮೇಲೆ ಕುಳಿತು, ಅಲ್ಲಿ ಹಾಕಿದ ರಬ್ಬರ್ ಉಂಗುರವನ್ನು ಸುತ್ತಲೂ ಸಮನಾಗಿ ಒತ್ತಿತು. ಅವನ ಮುಚ್ಚಳವು ಸತುವಿನದು. ಆಹಾರಕ್ಕೆ ಸತು ತಗುಲಿ ಲೋಹದ ರುಚಿ ಬರುತ್ತಿತ್ತು. ೧೮೬೯ರಲ್ಲಿ ಲೂಯಿಸ್ ಬಾಯ್ಡ್ ಎಂಬುವನು ಒಳಗೆ ಬಿಳಿಯ ಗಾಜಿನ ಬಿಲ್ಲೆಯನ್ನು ಸೇರಿಸಿ ಆ ದೋಷವನ್ನು ಹೋಗಲಾಡಿಸಿದನು. ಮೇಸನ್ನನ ಹೆಸರು ಇಂದಿಗೂ ಜಾಡಿಗಳ ಮೇಲಿದೆ. ಅವನಾದರೋ ೧೯೦೨ರಲ್ಲಿ ಬಡವನಾಗಿ ಸತ್ತನು. ೧೯೧೫ರ ವೇಳೆಗೆ ಅಲೆಕ್ಸಾಂಡರ್ ಕೆರ್ ಎಂಬುವನ ಕಂಪೆನಿಯು ಮುಚ್ಚಳವನ್ನು ಎರಡು ಭಾಗವಾಗಿ ಮಾಡಿ ಮಾರತೊಡಗಿತು: ಅಂಚಿನಲ್ಲಿ ಮೆತ್ತೆಯಿರುವ ಚಪ್ಪಟೆ ಬಿಲ್ಲೆಯೊಂದು, ಅದನ್ನು ಹಿಡಿದಿಡುವ ತಿರುಪಿನ ಬಳೆಯೊಂದು. ಭದ್ರಪಡಿಸುವುದು ಬಿಲ್ಲೆ, ಎಳೆಯುವುದು ಬಳೆ. ನಾವು ಮೇಲೆ ಹೇಳಿದ ತತ್ತ್ವವು ಇಲ್ಲಿ ಕಣ್ಣಿಗೆ ಕಾಣುವಂತೆ ಬೇರೆಬೇರೆಯಾಗಿದೆ.

ಇನ್ನು ಮುಚ್ಚಳವನ್ನು ಮಾಡುವ ಬಗೆ. ತವರದ ಲೇಪವುಳ್ಳ ತೆಳು ಉಕ್ಕಿನ ತಗಡಿಗೆ ಮೊದಲು ಅರಗಿನಂಥ ಬಣ್ಣವನ್ನು ಬಳಿದು ಒಲೆಯಲ್ಲಿ ಕಾಯಿಸುವರು. ಆಮೇಲೆ ಬಿಲ್ಲೆಗಳಾಗಿ ಕತ್ತರಿಸಿ ಅಚ್ಚಿನಲ್ಲಿ ಬಟ್ಟಲಿನಂತೆ ಒತ್ತುವರು. ಕೆಳಗಿನ ಹರಿತವಾದ ಅಂಚನ್ನು ಸುರುಳಿಯಾಗಿ ಮಡಿಸುವರು. ಇದರಿಂದ ಕೈಗೆ ಗಾಯವಾಗುವುದಿಲ್ಲ, ಬಾಯಿಗೆ ಬಲವೂ ಬರುವುದು. ಕಡೆಗೆ ಒಳಗೊಂದು ಉರುಳೆ, ಹೊರಗೊಂದು ಉರುಳೆ ಇಟ್ಟು ತಿರುಗಿಸಿ ಸುತ್ತನ್ನು ಮೂಡಿಸುವರು. ಈ ಕಡೆಯ ಕೆಲಸದಲ್ಲಿ ತಗಡು ಎಳೆಯಲ್ಪಟ್ಟು, ಬಣ್ಣವೂ ತವರವೂ ಸೂಕ್ಷ್ಮವಾಗಿ ಬಿರುಕು ಬಿಡಬಹುದು. ಹಳೆಯ ಮುಚ್ಚಳಗಳಲ್ಲಿ ತುಕ್ಕು ಸಾಮಾನ್ಯವಾಗಿ ಸುತ್ತಿನ ಏಣಿನಲ್ಲಿಯೂ ಅಂಚಿನ ಸುರುಳಿಯಲ್ಲಿಯೂ ಮೊದಲು ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಕೊಳ್ಳುವಾಗ ಮುಚ್ಚಳದ ತಲೆಯ ಹೊಳಪನ್ನು ನೋಡಿ ಮರುಳಾಗದೆ ಒಳಗಿನ ಸುತ್ತನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು.

ಸೀಸೆಯ ಅಳತೆಯನ್ನು ತಿಳಿಯಲು ಕಾಗದದ ಪಟ್ಟಿಯೊಂದನ್ನು ಕೊರಳಿನ ಸುತ್ತಿನ ಹೊರಮೈಗೆ ಸುತ್ತಿ, ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು ೩.೧೪ರಿಂದ ಭಾಗಿಸಬೇಕು. ೧೯೮ ಬಂದರೆ ಅದು ೬೩ರ ಬಾಯಿ. ವ್ಯಾಪಾರದಲ್ಲಿ ಈ ಸಂಖ್ಯೆಯ ಮುಂದೆ ೪೦೦ ಎಂದಿದ್ದರೆ ಸುತ್ತು ಸುಮಾರು ಒಂದು ಬಳಸು ಮಾತ್ರವಿರುವುದೆಂದೂ, ೪೧೦ ಎಂದಿದ್ದರೆ ಒಂದೂವರೆಯೆಂದೂ, ೪೧೫ ಎಂದಿದ್ದರೆ ಎರಡೆಂದೂ ಅರ್ಥ. ಇತ್ತೀಚೆಗೆ ಜಾಮಿನ ಸೀಸೆಗಳಿಗೆ ಹೆಚ್ಚಾಗಿ ಬರುವುದು ಪೂರ್ಣ ಸುತ್ತಿಲ್ಲದ ಮುಚ್ಚಳ. ಇದರ ಅಂಚಿನಲ್ಲಿ ನಾಲ್ಕೋ ಆರೋ ಹಲ್ಲುಗಳಿದ್ದು ಕಾಲು ತಿರುವಿಗೇ ಬಿಗಿಯುವುದು. ಬಾಯಿಯ ಅಗಲ ಒಂದೇ ಆದರೂ ಇದನ್ನು ಪೂರ್ಣ ಸುತ್ತಿನ ಸೀಸೆಗೆ ಹಾಕಿದರೆ ಕುಳಿತಂತೆ ತೋರುವುದೇ ಹೊರತು ಭದ್ರವಾಗಲಾರದು. ಗುಜರಿಯಲ್ಲಿ ಸೀಸೆಯನ್ನೊಂದು ಕಡೆ, ಮುಚ್ಚಳವನ್ನೊಂದು ಕಡೆ ಆಯ್ದು ತರುವವರು ಇಲ್ಲಿಯೇ ಮೋಸಹೋಗುವರು.

ಹೊಂದುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. ಅರಿಸಿನವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬರಿಯ ಸೀಸೆಯ ಬಾಯಂಚಿಗೆ ತೆಳುವಾಗಿ ಸವರಿ, ಮುಚ್ಚಳವನ್ನು ಬಿಗಿದು ಬಿಚ್ಚಬೇಕು. ಮೆತ್ತೆಯ ಮೇಲೆ ಹಳದಿಯ ಉಂಗುರವು ಎಲ್ಲಿಯೂ ತುಂಡಾಗದೆ ಮೂಡಿದ್ದರೆ ಸರಿ. ಒಂದು ಕಡೆ ಹರಿದಿದ್ದರೆ ಅಂಚು ಮುಕ್ಕಾಗಿದೆ ಅಥವಾ ಮುಚ್ಚಳ ಸೊಟ್ಟಗಾಗಿದೆ. ಉಂಗುರವೇ ಮೂಡದಿದ್ದರೆ ಮುಚ್ಚಳದ ಕೆಳ ಅಂಚು ಸೀಸೆಯ ಹೆಗಲಿಗೆ ಮೊದಲೇ ತಗುಲಿ ನಿಂತಿರಬೇಕು. ಅಂಥ ಮುಚ್ಚಳವನ್ನು ಎಷ್ಟು ಬಲವಾಗಿ ಬಿಗಿದರೂ ಪ್ರಯೋಜನವಿಲ್ಲ. ಪರೀಕ್ಷೆಗೆ ಬಳಸಿದ ಮುಚ್ಚಳವನ್ನು ತುಂಬುವ ಸೀಸೆಗೆ ಹಾಕಕೂಡದು. ಮುಚ್ಚಳ ಹಾಕುವಾಗ ಮೊದಲು ಎಡಕ್ಕೆ, ಅಂದರೆ ಬಿಚ್ಚುವ ಕಡೆಗೆ, ಮೆಲ್ಲಗೆ ತಿರುಗಿಸಿ ಅದು ಕಟಕ್ಕೆಂದು ಇಳಿದ ಮೇಲೆ ಬಲಕ್ಕೆ ತಿರುಗಿಸಿದರೆ ಸುತ್ತು ಅಡ್ಡಬೀಳುವುದಿಲ್ಲ.

ಬಿಸಿಯಾಗಿ ತುಂಬಿದ ಜಾಡಿಯಲ್ಲಿ ತಿರುಪಿಗಿಂತ ಬಲವಾದ ಸಹಾಯಕನೊಬ್ಬನಿರುವನು, ಅವನೇ ವಾಯುಭಾರ. ಮೇಲೆ ಉಳಿದ ಜಾಗದ ಆವಿಯು ತಣಿದು ನೀರಾದಾಗ ಒಳಗೆ ಗಾಳಿಯ ಒತ್ತಡ ಇಳಿಯುವುದು. ಒತ್ತಡವು ಅರ್ಧಕ್ಕೆ ಇಳಿದರೂ, ೬೩ ಮಿಲಿಮೀಟರಿನ ಬಿಲ್ಲೆಯ ಮೇಲೆ ಹೊರಗಿನ ಗಾಳಿಯು ಸುಮಾರು ೧೪ ಕಿಲೋಗ್ರಾಮಿನ ಭಾರವನ್ನು ಹೇರುವುದು. ಎರಡು ಭಾಗದ ಮುಚ್ಚಳದಲ್ಲಿ ತಣಿದ ಮೇಲೆ ಬಳೆಯನ್ನು ತೆಗೆದರೂ ಬಿಲ್ಲೆ ಕದಲದಿರುವುದು ಈ ಬಲದಿಂದ. ಆದಕಾರಣ ಕುದಿಸುವ ಮುಂಚೆ ಬಳೆಯನ್ನು ಬೆರಳ ತುದಿಯ ಬಲಕ್ಕಿಂತ ಹೆಚ್ಚಾಗಿ ಬಿಗಿಯಬಾರದು. ಒಳಗಿನ ಗಾಳಿಗೆ ಹೊರಹೋಗಲು ದಾರಿ ಬೇಕು. ಹೊರತೆಗೆದ ಮೇಲೆ ಮತ್ತೆ ಬಿಗಿಯುವುದೂ ತಪ್ಪು. ಮೆತ್ತಗಾದ ಮೆತ್ತೆಯು ಸರಿದುಹೋಗುವುದು. ಬಿಲ್ಲೆಯನ್ನು ಎರಡನೆಯ ಸಾರಿ ಉಪಯೋಗಿಸಬಾರದು. ಅದರ ಮೆತ್ತೆಯಲ್ಲಿ ಮೊದಲ ಸೀಸೆಯ ಅಂಚಿನ ಗೆರೆ ಬಿದ್ದಿರುವುದು. ಬಳೆಯನ್ನು ತುಕ್ಕು ಹಿಡಿಯುವವರೆಗೆ ಬಳಸಬಹುದು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೯೭ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೇ ಕುದಿಯುವುದು. ಹೊರದೇಶದ ಪುಸ್ತಕಗಳಲ್ಲಿ ಜಾಮಿನ ಜಾಡಿಯನ್ನು ಕುದಿವ ನೀರಿನಲ್ಲಿ ೫ ನಿಮಿಷ ಇಡಬೇಕೆಂದು ಹೇಳಿರುವಲ್ಲಿ ನಾವು ೧೦ ನಿಮಿಷ ಇಡತಕ್ಕದ್ದು.

ಈಗ ಮೊದಲು ಹೇಳಿದ ಅಪಾಯದ ಮಾತು. ಹುರುಳಿಕಾಯಿ, ಬಟಾಣಿ, ಅಣಬೆ ಮೊದಲಾದ ಹುಳಿಯಿಲ್ಲದ ಪದಾರ್ಥಗಳಲ್ಲಿ ಬಾಟುಲಿಸಮ್ ಎಂಬ ಮಾರಕ ರೋಗವನ್ನುಂಟುಮಾಡುವ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು. ಇವು ಕುದಿಯುವ ನೀರಿಗೆ ಸಾಯುವುದಿಲ್ಲ; ಗಾಳಿಯಿಲ್ಲದ ಎಡೆಯಲ್ಲಿಯೇ ಇವು ಬೆಳೆಯುವುವು. ಗಾಳಿಯಿಲ್ಲದ ಎಡೆಯನ್ನು ಒದಗಿಸಿಕೊಡುವುದಾದರೋ ನಮ್ಮ ಒಳ್ಳೆಯ ಮುಚ್ಚಳವೇ! ಮುಚ್ಚಳವು ಎಷ್ಟು ಭದ್ರವೋ ಇಂಥ ಪದಾರ್ಥಗಳಲ್ಲಿ ಅಪಾಯವೂ ಅಷ್ಟು ಹೆಚ್ಚು. ಒತ್ತಡದ ಪಾತ್ರೆಯಲ್ಲಿ ಪರೀಕ್ಷಿತ ಕ್ರಮದಂತೆ ಕಾಯಿಸುವ ಅನುಕೂಲವಿಲ್ಲದವರು ಇವುಗಳನ್ನು ಸೀಸೆಯಲ್ಲಿ ಮುಚ್ಚಿಡುವ ಗೋಜಿಗೇ ಹೋಗಬಾರದು. ಟೊಮ್ಯಾಟೊ ಹಣ್ಣಿನ ಹುಳಿಯನ್ನು ನಂಬುವುದಕ್ಕಾಗದು. ಅರ್ಧ ಲೀಟರಿಗೆ ದೊಡ್ಡ ಚಮಚದಷ್ಟು, ಹುಳಿಯ ಪ್ರಮಾಣವನ್ನು ಗೊತ್ತುಮಾಡಿ ಸೀಸೆಯಲ್ಲಿ ಮಾರುವ ನಿಂಬೆಯ ರಸವನ್ನು ಸೇರಿಸಬೇಕು. ಉಬ್ಬಿದ ಮುಚ್ಚಳದ ಜಾಡಿಯನ್ನು ರುಚಿ ನೋಡಲೂ ಕೂಡದು. ಉಬ್ಬದಿರುವುದೇ ಶುದ್ಧಿಗೆ ಸಾಕ್ಷಿಯಲ್ಲವೆಂಬುದನ್ನೂ ನೆನಪಿಡಬೇಕು.

ಉಪ್ಪಿನಕಾಯಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ. ಉಪ್ಪೂ ಹುಳಿಯೂ ಕೂಡಿದರೆ ತಗಡಿಗೆ ಅದಕ್ಕಿಂತ ಶತ್ರುವಿಲ್ಲ. ಅಲ್ಯೂಮಿನಿಯಮ್ಮಿಗೂ ಗುಳಿ ಬೀಳುವುದು. ದಿನವೂ ಬಿಚ್ಚಿ ಮುಚ್ಚುವ ಮಿಡಿ, ಹೇರಳೆ, ನಿಂಬೆಯ ಉಪ್ಪಿನಕಾಯಿಗಳಿಗೆ ಅಜ್ಜಿಯರ ಪಿಂಗಾಣಿ ಭರಣಿಯೂ ಅದರ ಬಾಯಿಗೆ ಕಟ್ಟಿದ ಬಟ್ಟೆಯೂ ತಗಡಿನ ತಿರುಪಿಗಿಂತ ಮೇಲು. ಸೀಸೆಯಲ್ಲಿಯೇ ಮಾರಬೇಕಾದವರು ಪ್ಲಾಸ್ಟಿಕ್ ಮುಚ್ಚಳವನ್ನು ಹಾಕಲಿ. ಅದು ತುಕ್ಕು ಹಿಡಿಯದು. ಆದರೆ ಭಾರಕ್ಕೆ ಕಾಲಕ್ರಮದಲ್ಲಿ ಸ್ವಲ್ಪ ಸಡಿಲುವುದಾದ್ದರಿಂದ ಮರುದಿನ ಇನ್ನೊಮ್ಮೆ ಬಿಗಿಯುವುದು ಲೇಸು. ಲೋಹದ ಮುಚ್ಚಳವೇ ಅನಿವಾರ್ಯವಾದರೆ ಅರ್ಧ ಅಂಗುಲ ಜಾಗ ಬಿಟ್ಟು, ರಸವು ಮೆತ್ತೆಗೆ ತಾಗದಂತೆ ತುಂಬಿ, ಸೀಸೆಯನ್ನು ನೆಟ್ಟಗೆ ನಿಲ್ಲಿಸಿಡಬೇಕು. ಎಣ್ಣೆ ತಗುಲಿದ ರಬ್ಬರ್ ಉಂಗುರವು ಊದಿಕೊಂಡು ಕೆಡುವುದು. ಮನೆಮನೆಯಲ್ಲಿರುವ ಹಳೆಯ ಹಾರ್ಲಿಕ್ಸ್ ಸೀಸೆಯಂಥವು ಬೇಳೆಗೂ ಸಾರಿನ ಪುಡಿಗೂ ಬಹು ಚೆನ್ನಾಗಿ ಒದಗುವುವು. ಆ ಕೆಲಸಕ್ಕೆ ಅವನ್ನು ಬಿಡುವುದು ಮೇಲು.

ಭದ್ರವಾಗಿ ಹಿಡಿದ ಮುಚ್ಚಳವನ್ನು ತೆಗೆಯಲು ಕಲ್ಲಿಗೆ ಕುಟ್ಟಬಾರದು; ಬಾಯಂಚು ಮುಕ್ಕಾಗಿ ಗಾಜಿನ ಚೂರು ಒಳಗೆ ಬೀಳಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಳಕ್ಕೆ ಮಾತ್ರ ಅರ್ಧ ನಿಮಿಷ ಸುತ್ತಿದರೆ ತಗಡು ಗಾಜಿಗಿಂತ ಬೇಗನೆ ಕಾದು ಹಿಗ್ಗಿ ಬಿಡಿಸಿಕೊಳ್ಳುವುದು. ನಿರ್ವಾತವೇ ಹಿಡಿದಿದ್ದರೆ ಚಮಚದ ಹಿಡಿಯನ್ನು ಅಂಚಿನ ಕೆಳಗೆ ಕೊಟ್ಟು ಸ್ವಲ್ಪವೇ ಮೀಟಬೇಕು. ಗಾಳಿಯು ಸುಂಯ್ ಎಂದು ಒಳನುಗ್ಗಿದ ಸದ್ದು ಕೇಳಿದೊಡನೆ ಮುಚ್ಚಳವು ಕೈಬೆರಳಿಗೇ ಬರುವುದು.