ಸುಣ್ಣದ ಗೆರೆಯ ತಾತ ಮತ್ತು 3-4-5



ಗಣಿತದ ಮೇಷ್ಟ್ರು ಪೈಥಾಗೊರಸ್ ಪ್ರಮೇಯ ಹೇಳಿಕೊಟ್ಟ ದಿನ ನನಗೆ ನಗು ಬಂತು. ಅದನ್ನು ನಮ್ಮೂರ ಗಾರೆ ಕೆಲಸದ ತಾತ ನನಗೆ ಮೊದಲೇ ಕಲಿಸಿದ್ದರು. ಅವರು ಓದಿರುವುದು ಮೂರನೇ ಕ್ಲಾಸು.

ಈ ತಾತನನ್ನು ನೀವೆಲ್ಲರೂ ನೋಡಿದ್ದೀರಿ. ಗಣಪತಿ ಹಬ್ಬದ ಕಬಡ್ಡಿ ಪಂದ್ಯಕ್ಕೆ ಮೊದಲು ಬಯಲಿನಲ್ಲಿ ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆಯುವವರು ಅವರೇ. ನಮ್ಮಪ್ಪ ಏಳನೇ ಕ್ಲಾಸಿನಲ್ಲಿದ್ದಾಗಲೂ ಅವರೇ ಎಳೆಯುತ್ತಿದ್ದರಂತೆ. ಒಂದು ದಿನವೂ ಕೂಲಿ ಕೇಳಿದವರಲ್ಲ. ಒಮ್ಮೆ ಊರವರು ಅವರಿಗೆ ಶಾಲು ಹೊದಿಸಿದರು. ಮಾರನೇ ದಿನ ಮಳೆ ಬಂದಾಗ ತಾತ ಅದನ್ನು ತೆಗೆದು ಸುಣ್ಣದ ಚೀಲಕ್ಕೆ ಹೊದಿಸಿದರು!

ಹೋದ ವರ್ಷ ತಾತನ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಸುಣ್ಣದ ಧೂಳು ತಾಗಬಾರದು ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ದೊಡ್ಡ ಹುಡುಗರೇ ಹೆಜ್ಜೆ ಲೆಕ್ಕದಲ್ಲಿ ಅಂಕಣ ಹಾಕಿದರು. ಒಂದು ಕಡೆ ಅಳೆದವನು ಉದ್ದ ಕಾಲಿನವನು, ಇನ್ನೊಂದು ಕಡೆ ಅಳೆದವನು ಗಿಡ್ಡ. ಒಂದು ಕಡೆ ಬೋನಸ್ ಗೆರೆ ಹತ್ತಿರ, ಇನ್ನೊಂದು ಕಡೆ ದೂರ ಆಯಿತು. ಅರ್ಧ ಆಟ ಮುಗಿದು ಜಾಗ ಬದಲಿಸಿದಾಗ ಪಕ್ಕದೂರಿನವರಿಗೆ ಗೊತ್ತಾಗಿ ಜಗಳ ಶುರುವಾಯಿತು. ಅವರು ಎದ್ದು ಹೋದರು. ಆಮೇಲೆ ಇದ್ದದ್ದು ಹುಡುಗಿಯರ ಪಂದ್ಯ. ಅದು ನಡೆಯಲೇ ಇಲ್ಲ. ಒಂದು ತಿಂಗಳು ಅಭ್ಯಾಸ ಮಾಡಿದ್ದ ನಾನು ಅಳುತ್ತಾ ತಾತನ ಮನೆಗೆ ಹೋದೆ.

"ಅಳಬ್ಯಾಡ ಕಣವ್ವ, ಹೋಗಿ ಟೇಪು, ಹುರಿ, ನಾಲ್ಕು ಗೂಟ ತಗೊಂಬಾ" ಅಂದರು.

ಅವರು ಹೇಳಿಕೊಟ್ಟದ್ದು ಹೀಗೆ. ಮೊದಲು ಒಂದು ಮೂಲೆಗೆ ಗೂಟ ಹೊಡೆಯಬೇಕು. ಅಲ್ಲಿಂದ ಉದ್ದದ ಹುರಿಯಲ್ಲಿ 4 ಮೀಟರ್‌ಗೆ, ಅಗಲದ ಹುರಿಯಲ್ಲಿ 3 ಮೀಟರ್‌ಗೆ ಗುರುತು ಮಾಡಬೇಕು. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಮೀಟರ್ ಬರಬೇಕು. ಹೆಚ್ಚು ಬಂದರೆ ಮೂಲೆ ಬಾಯಿ ಬಿಟ್ಟಿದೆ, ಕಡಿಮೆ ಬಂದರೆ ಮುಚ್ಚಿಕೊಂಡಿದೆ ಅಂತ ಅರ್ಥ. ಮನೆಯ ಪಾಯಕ್ಕೂ ತಾತ ಹೀಗೆಯೇ ಮೂಲೆ ನೋಡುವುದು. 9 ಕ್ಕೆ 16 ಕೂಡಿಸಿದರೆ 25 ಅಲ್ಲವೇ? ಪೈಥಾಗೊರಸ್ ಹೇಳಿದ್ದೂ ಅದೇ.

ಹೆಂಗಸರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಸರಿಯಾಗಿ ಮಧ್ಯದಲ್ಲಿ ನಡುಗೆರೆ. ಅಲ್ಲಿಂದ ಎರಡೂ ಕಡೆ 3 ಮೀಟರ್‌ಗೆ ಬಾಲ್ಕ್ ಗೆರೆ, ಮತ್ತೆ 1 ಮೀಟರ್‌ಗೆ ಬೋನಸ್ ಗೆರೆ. ಪಕ್ಕಗಳಲ್ಲಿ ಒಂದೊಂದು ಮೀಟರ್ ಲಾಬಿ, ಅದು 8 ಮೀಟರ್ ಒಳಗೇ ಸೇರಿದೆ. ಗಂಡಸರದ್ದು 13 ಕ್ಕೆ 10, ಅವರ ಬಾಲ್ಕ್ ಗೆರೆ 3.75 ಮೀಟರ್‌ಗೆ. ಕೊನೆಗೆ ಮೂಲೆಯಿಂದ ಮೂಲೆಗೆ ಅಳೆದು ನೋಡಬೇಕು. ಹೆಂಗಸರ ಅಂಕಣದಲ್ಲಿ ಎರಡು ಕರ್ಣಗಳೂ ಸುಮಾರು 14 ಮೀಟರ್ 42 ಸೆಂ.ಮೀ. ಬಂದರೆ ಸರಿ. ಬೇಕಾದರೆ ನೀವೇ ಲೆಕ್ಕ ಮಾಡಿ.

ದೊಡ್ಡ ಪಂದ್ಯಗಳು ಈಗ ಮ್ಯಾಟ್ ಮೇಲೆ ನಡೆಯುತ್ತವೆ. ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದ್ದು 1990 ರಲ್ಲಿ, ಬೀಜಿಂಗ್‌ನಲ್ಲಿ. ಹೆಂಗಸರ ಕಬಡ್ಡಿ ಸೇರಲು 2010 ರವರೆಗೆ ಕಾಯಬೇಕಾಯಿತು. ಎರಡು ಸಲವೂ ಚಿನ್ನ ನಮ್ಮ ದೇಶಕ್ಕೇ. 2010 ರ ತಂಡದಲ್ಲಿ ನಮ್ಮ ಕರ್ನಾಟಕದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ದರು. ನಮ್ಮೂರಿಗೆ ಮ್ಯಾಟ್ ಬಂದಿಲ್ಲ, ನಮಗೆ ಮಣ್ಣೇ.

"ಇಷ್ಟು ವರ್ಷ ನೀವೊಬ್ಬರೇ ಯಾಕೆ ಮಾಡಿದಿರಿ ತಾತ?" ಅಂತ ಕೇಳಿದೆ. ತಾತ ಸುಣ್ಣಕ್ಕೆ ಒಡೆದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ, "ಬೇರೆ ಯಾರೂ ಬರ್ಲಿಲ್ಲ ಕಣವ್ವ, ಅದಕ್ಕೆ" ಅಂದರು.

ಅವರಿಗೆ ಈಗ ಮಂಡಿ ಮಡಚಲು ಆಗುವುದಿಲ್ಲ. ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬಯಲಿನಲ್ಲಿ ಕುರ್ಚಿ ಹಾಕಿ ತಾತನನ್ನು ಕೂರಿಸುತ್ತೇವೆ. ಗೆರೆ ನಾವೇ ಎಳೆಯುತ್ತೇವೆ. ಬರುವವರು ಸುಣ್ಣ ಉದುರಿಸಲು ಒಂದು ತೆಂಗಿನ ಚಿಪ್ಪು ತನ್ನಿ. ಹುಡುಗರೂ ಬರಬಹುದು, ಆದರೆ ಹೆಜ್ಜೆ ಲೆಕ್ಕ ಬೇಡ.