‘ತಂದರು’ ಮತ್ತು ‘ತಂದರಂತೆ’: ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜ್ ಓದುವ ಅಭ್ಯಾಸ



ಕಳೆದ ವರ್ಷ ದ್ವಿತೀಯ ಪಿಯುಸಿಯ ಒಬ್ಬಳು ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಅದು ಸಿಯುಇಟಿ ಇಂಗ್ಲಿಷ್‌ನ ಮಾದರಿ ಪರೀಕ್ಷೆಯ ಉತ್ತರ ಹಾಳೆ. 50 ಪ್ರಶ್ನೆಗಳಲ್ಲಿ 17 ಸರಿ, 28 ತಪ್ಪು, 5 ಖಾಲಿ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದರೆ 250ಕ್ಕೆ 57. ಅವಳು ನಮ್ಮ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ತರಗತಿಯಲ್ಲೇ ಅತಿ ಹೆಚ್ಚು ಅಂಕ ಪಡೆದವಳು. “ಮೇಡಂ, ಪದಗಳೆಲ್ಲ ಗೊತ್ತಿದ್ದವು. ಆದರೂ ತಪ್ಪಾದದ್ದು ಯಾಕೆ?” ಎಂದು ಕೇಳಿದಳು.

ನನ್ನ ಬಳಿ ಉತ್ತರ ಇರಲಿಲ್ಲ. ಅದಕ್ಕಿಂತ ಹಿಂದಿನ ಎರಡು ತಿಂಗಳು ನಾನು ಪ್ರವೇಶ ಪರೀಕ್ಷೆ ಬರೆಯುವವರಿಗೆ ದಿನಕ್ಕೆ ಹತ್ತು ಹೊಸ ಪದ ಬಾಯಿಪಾಠ ಮಾಡಿಸುತ್ತಿದ್ದೆ. ಆ ದಿನ ಹಾಳೆಯನ್ನು ಮನೆಗೆ ಒಯ್ದು ರಾತ್ರಿ ಪ್ರಶ್ನೆಪತ್ರಿಕೆಯ ಜೊತೆ ಇಟ್ಟು ನೋಡಿದೆ. ತಪ್ಪಾದ 28ರಲ್ಲಿ ಪ್ಯಾಸೇಜಿಗೆ ಸಂಬಂಧಪಟ್ಟವು 16. ಪದದ ಅರ್ಥ ಗೊತ್ತಿಲ್ಲದೆ ತಪ್ಪಾದವು ಅದರಲ್ಲಿ ಬರೀ 3. ಉಳಿದ 13ರಲ್ಲಿ ಅವಳು ಪದಗಳನ್ನು ಓದಿದ್ದಳು, ವಾಕ್ಯವನ್ನು ಓದಿರಲಿಲ್ಲ. ಇಲ್ಲವೇ ಲೇಖಕರು ಹೇಳಿದ್ದನ್ನು ಬಿಟ್ಟು ತನಗೆ ಗೊತ್ತಿದ್ದದ್ದನ್ನು ಉತ್ತರವಾಗಿ ಗುರುತಿಸಿದ್ದಳು.

ಇದರಲ್ಲಿ ನನ್ನ ತಪ್ಪೂ ಇದೆ. ನಮ್ಮ ವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಕಂಡಿರದ ಪ್ಯಾಸೇಜ್ ಒಂದು ಇರುತ್ತದೆ, ನಿಜ. ಆದರೆ ಹೆಚ್ಚಿನ ಅಂಕ ಪಾಠ, ಪದ್ಯಗಳಿಂದಲೇ ಬರುತ್ತದೆ. ಅವುಗಳ ಉತ್ತರವನ್ನು ನಾನು ನೋಟ್ಸ್ ಆಗಿ ಕೊಡುತ್ತೇನೆ, ನೀವು ಚೆನ್ನಾಗಿ ಕಲಿತು ಬರೆಯುತ್ತೀರಿ. ಕೆಸಿಇಟಿ ಬರೆಯುವ ವಿಜ್ಞಾನ ವಿದ್ಯಾರ್ಥಿಗಳಿಗಂತೂ ಅಲ್ಲಿ ಇಂಗ್ಲಿಷ್ ಪತ್ರಿಕೆಯೇ ಇಲ್ಲ, ತಪ್ಪು ಉತ್ತರಕ್ಕೆ ಕಡಿತವೂ ಇಲ್ಲ. ಹಾಗಾಗಿ ಎರಡು ವರ್ಷ ಯಾರೂ ವಿವರಿಸದ ಇಂಗ್ಲಿಷ್ ಪುಟವೊಂದನ್ನು ಒಬ್ಬರೇ ಕೂತು ಓದುವ ಸಂದರ್ಭವೇ ನಮ್ಮಲ್ಲಿ ಬರುವುದಿಲ್ಲ. ಅದು ಮೊದಲ ಬಾರಿ ಬರುವುದು ಪರೀಕ್ಷಾ ಕೇಂದ್ರದ ಕಂಪ್ಯೂಟರ್ ಮುಂದೆ.

ಸಿಯುಇಟಿ 2022ರಲ್ಲಿ ಶುರುವಾಯಿತು. ದೆಹಲಿ ವಿಶ್ವವಿದ್ಯಾಲಯ, ಕಲಬುರಗಿಯಲ್ಲಿರುವ ನಮ್ಮ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಪದವಿಗೆ ಇದರ ಅಂಕವನ್ನೇ ನೋಡುತ್ತವೆ. ಜಾಮಿಯಾ ಮಿಲ್ಲಿಯಾ ಮತ್ತು ಅಲಿಗಢದಲ್ಲಿ ಕೆಲವು ಕೋರ್ಸುಗಳಿಗೆ ಮಾತ್ರ. 2025ರ ನಿಯಮದಂತೆ ಒಂದು ಪತ್ರಿಕೆಗೆ 60 ನಿಮಿಷ, 50 ಪ್ರಶ್ನೆ. ಪ್ರಶ್ನೆಯೊಂದಕ್ಕೆ 72 ಸೆಕೆಂಡು, ಪ್ಯಾಸೇಜ್ ಓದುವ ಹೊತ್ತೂ ಅದರೊಳಗೇ. ಕಾನೂನು ಓದಬೇಕೆನ್ನುವವರ ಕ್ಲಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ಅವೆಲ್ಲವೂ ಪ್ಯಾಸೇಜ್ ಓದಿಯೇ ಉತ್ತರಿಸಬೇಕಾದವು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಓದಿ. (ಅದೂ ಒಂದು ಒಳ್ಳೆಯ ಇಂಗ್ಲಿಷ್ ಪ್ಯಾಸೇಜೇ.)

ಹಾಳೆ ನೋಡಿದ ಮರುವಾರ ನಾನೇ ಇಂಗ್ಲಿಷಿನಲ್ಲಿ ಐದು ವಾಕ್ಯಗಳ ಒಂದು ಸಣ್ಣ ಪ್ಯಾಸೇಜ್ ಬರೆದು ತರಗತಿಗೆ ಒಯ್ದೆ. ನಮಗೆಲ್ಲ ಗೊತ್ತಿರುವ ವಿಷಯವನ್ನೇ ಬೇಕೆಂದು ಆರಿಸಿದ್ದೆ. ಅದರ ಸಾರಾಂಶ ಹೀಗಿದೆ:

ಒಂದು, 17ನೇ ಶತಮಾನದಲ್ಲಿ ಹಜ್ ಮುಗಿಸಿ ಮರಳುತ್ತಿದ್ದ ಸೂಫಿ ಸಂತ ಬಾಬಾ ಬುಡನ್ ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಹೇಳಲಾಗುತ್ತದೆ. ಎರಡು, ಬೆಟ್ಟದ ಹೆಸರು ಆ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಮೂರು, ಆದರೆ ಆ ಬಳಿಕ ಬೆಳೆ ಹೇಗೆ ಹರಡಿತು ಎಂಬುದಕ್ಕೆ ಉಳಿದಿರುವ ದಾಖಲೆ ತೀರ ಕಡಿಮೆ. ನಾಲ್ಕು, 19ನೇ ಶತಮಾನದಲ್ಲಿ ಬೆಟ್ಟದಲ್ಲಿ ದೊಡ್ಡ ತೋಟಗಳನ್ನು ಮಾಡಿದ ಬ್ರಿಟಿಷ್ ಪ್ಲಾಂಟರುಗಳು ಈ ಬೆಳೆಯನ್ನು ಪರಿಚಯಿಸಿದವರಲ್ಲ, ಅದನ್ನು ದೊಡ್ಡ ವ್ಯಾಪಾರವಾಗಿಸಿದವರು. ಐದು, ಇಂದು ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಕರ್ನಾಟಕದ್ದು.

ಮೊದಲ ಪ್ರಶ್ನೆ: ಬಾಬಾ ಬುಡನ್ ಬೀಜ ತಂದ ಕಥೆಯ ಬಗ್ಗೆ ಲೇಖಕರ ನಿಲುವೇನು? ‘ಎ’, ಅದು ನಿಜವೆಂದು ಸಾಧಿಸುತ್ತಾರೆ. ‘ಬಿ’, ಅದು ಸುಳ್ಳು ಎನ್ನುತ್ತಾರೆ. ‘ಸಿ’, ಅದು ಪರಂಪರೆಯಿಂದ ಬಂದ ಮಾತು ಎಂದು ತಿಳಿಸುತ್ತಾರೆ, ತೀರ್ಪು ಕೊಡುವುದಿಲ್ಲ. ‘ಡಿ’, ಅದು ಬ್ರಿಟಿಷರು ಹುಟ್ಟಿಸಿದ ಕಥೆ ಎನ್ನುತ್ತಾರೆ.

ತರಗತಿಯಲ್ಲಿದ್ದ 34 ಮಂದಿಯಲ್ಲಿ 21 ಮಂದಿ ‘ಎ’ ಎಂದರು. 6 ಮಂದಿ ‘ಬಿ’, ಇಬ್ಬರು ‘ಡಿ’. ‘ಸಿ’ ಎಂದವರು 5 ಮಂದಿ. ಸರಿ ಉತ್ತರ ‘ಸಿ’ ಎಂದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮೇಡಂ, ಬಾಬಾ ಬುಡನ್ ತಂದದ್ದು ಎಲ್ಲರಿಗೂ ಗೊತ್ತಲ್ವಾ? ತಂದಿಲ್ಲ ಅಂತ ಹೇಳುವುದು ಸರಿಯಾ?” ಅವನ ಮುಖ ಕೆಂಪಾಗಿತ್ತು. ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು, ಏಕೆಂದರೆ ಅವನು ಮಾಡಿದ ತಪ್ಪೇ ಆ ಹಾಳೆಯಲ್ಲಿ ಹಲವು ಕಡೆ ಇತ್ತು. ತಂದಿಲ್ಲ ಎಂದು ಲೇಖಕರು ಹೇಳಿಯೇ ಇಲ್ಲ. ತಂದರು ಎಂದೂ ಹೇಳಿಲ್ಲ. ಇಂಗ್ಲಿಷಿನಲ್ಲಿದ್ದದ್ದು ‘ಈಸ್ ಸೆಡ್ ಟು ಹ್ಯಾವ್ ಬ್ರಾಟ್’. ಅದನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಬಹುದು: ‘ತಂದರಂತೆ’.

‘ಪಕ್ಕದ ಮನೆಯವರು ಕಾರು ತೆಗೊಂಡರು’ ಎಂದರೆ ನಾನು ಕಾರನ್ನು ನೋಡಿದ್ದೇನೆ. ‘ತೆಗೊಂಡರಂತೆ’ ಎಂದರೆ ಯಾರೋ ಹೇಳಿದರು, ಹೊಣೆ ನನ್ನದಲ್ಲ. ಈ ವ್ಯತ್ಯಾಸ ಒಂದನೇ ತರಗತಿಯ ಮಗುವಿಗೂ ಗೊತ್ತು. ಮದ್ರಸದಲ್ಲಿ ಹದೀಸ್ ಕಲಿಯುವಾಗ ‘ಇದನ್ನು ವರದಿ ಮಾಡಿದವರು ಯಾರು’ ಎಂಬುದನ್ನು ಮೊದಲು ಕೇಳಿಸಿಕೊಂಡೇ ಬೆಳೆದವರು ನೀವು. ಇಷ್ಟೆಲ್ಲ ಇದ್ದೂ ಇಂಗ್ಲಿಷ್ ಓದುವಾಗ ಮಾತ್ರ ಆ ‘ಅಂತೆ’ಯನ್ನು ಹಾರಿಸಿಬಿಡುತ್ತೇವೆ, ಏಕೆಂದರೆ ಅದು ಅಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುವುದಿಲ್ಲ, ಸಣ್ಣ ಸಣ್ಣ ಪದಗಳಲ್ಲಿ ಚದುರಿರುತ್ತದೆ. ‘ರಿಪೋರ್ಟೆಡ್ಲಿ’ ಎಂದರೆ ‘ಅಂತೆ’. ‘ಅಲೆಜೆಡ್ಲಿ’ ಎಂದರೆ ಆರೋಪದ ‘ಅಂತೆ’, ಇನ್ನೂ ಸಾಬೀತಾಗಿಲ್ಲ. ‘ಸಪೋಸೆಡ್ಲಿ’ ಎಂದರೆ ಸ್ವಲ್ಪ ಅನುಮಾನ ಬೆರೆತ ‘ಅಂತೆ’. ಲೇಖಕರ ಅಭಿಪ್ರಾಯ ಕೇಳುವ ಪ್ರಶ್ನೆಗಳಲ್ಲಿ ನಿಮ್ಮ 5 ಅಂಕ ಇಂತಹ ಒಂದು ಪದದೊಳಗೆ ಅಡಗಿರುತ್ತದೆ.

ಎರಡನೆಯ ಪ್ರಶ್ನೆ ಮೂರನೇ ವಾಕ್ಯದ ಮೇಲಿತ್ತು. ಇಂಗ್ಲಿಷಿನಲ್ಲಿ ‘ಫ್ಯೂ ರೆಕಾರ್ಡ್ಸ್ ಸರ್ವೈವ್’ ಎಂದು ಬರೆದಿದ್ದೆ. ಅರ್ಧ ತರಗತಿ ‘ಕೆಲವು ದಾಖಲೆಗಳು ಉಳಿದಿವೆ’ ಎಂಬ ಆಯ್ಕೆಗೆ ಗುರುತು ಹಾಕಿತು. ‘ಕೆಲವು’ ಎನ್ನಲು ‘ಎ ಫ್ಯೂ’ ಎಂದಿರಬೇಕು. ಬರೀ ‘ಫ್ಯೂ’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ‘ಲಿಟಲ್’ ಮತ್ತು ‘ಎ ಲಿಟಲ್’ ಕೂಡ ಹೀಗೆಯೇ. ‘ಹಾರ್ಡ್ಲಿ’, ‘ಸೆಲ್ಡಮ್’, ‘ಬೇರ್ಲಿ’ ಈ ಮೂರರಲ್ಲೂ ‘ನಾಟ್’ ಕಾಣಿಸುವುದಿಲ್ಲ, ಆದರೆ ವಾಕ್ಯವನ್ನು ಅವು ‘ಇಲ್ಲ’ದ ಕಡೆಗೇ ಎಳೆಯುತ್ತವೆ. ‘ಹಾರ್ಡ್’ ಗೊತ್ತಿರುವುದರಿಂದ ‘ಹಾರ್ಡ್ಲಿ’ ಎಂದರೆ ಕಷ್ಟಪಟ್ಟು ಎಂದು ತಿಳಿದವರು ನಮ್ಮಲ್ಲಿ ಪ್ರತಿವರ್ಷ ಸಿಗುತ್ತಾರೆ. ಪಿಯುಸಿಯಲ್ಲಿ ನಾನೂ ಹಾಗೇ ತಿಳಿದಿದ್ದೆ.

ಕನ್ನಡದಲ್ಲಿ ‘ಇಲ್ಲ’ ವಾಕ್ಯದ ಕೊನೆಗೆ ಬರುತ್ತದೆ. ‘ಅವನು ನಿನ್ನೆ ಸಂಜೆ ಬಸ್ಸಿನಲ್ಲಿ ಊರಿಗೆ...’ ಎಂದು ಕೇಳುತ್ತಾ ನಾವು ಕೊನೆಯವರೆಗೆ ಕಾಯುತ್ತೇವೆ, ಹೋದನೋ ಹೋಗಲಿಲ್ಲವೋ ಎಂದು ಕಡೆಯ ಪದ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ತೀರ್ಮಾನ ಮೊದಲೇ ಆಗಿಬಿಡುತ್ತದೆ. ಕೊನೆಯ ಪದಗಳು ಬರೀ ಎಲ್ಲಿ, ಯಾವಾಗ ಎಂಬ ವಿವರ. ಕೊನೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ.

ನಾಲ್ಕನೇ ವಾಕ್ಯದಲ್ಲಿ ಆದದ್ದು ಇದೇ. ಇಂಗ್ಲಿಷಿನಲ್ಲಿ ಅದು ‘ದ ಪ್ಲಾಂಟರ್ಸ್’ ಎಂದು ಶುರುವಾಗಿ, ‘ಹೂ ಓಪನ್ಡ್’ ಎಂದು ಹನ್ನೊಂದು ಪದಗಳ ವಿವರಣೆ ಹೇಳಿ, ಆಮೇಲೆ ‘ಡಿಡ್ ನಾಟ್ ಇಂಟ್ರೊಡ್ಯೂಸ್ ದ ಕ್ರಾಪ್’ ಎನ್ನುತ್ತದೆ. ಕನ್ನಡದಲ್ಲಿ ವಿವರಣೆ ಹೆಸರಿಗಿಂತ ಮುಂಚೆ ಬಂದು ಮುಗಿಯುತ್ತದೆ: ‘ದೊಡ್ಡ ತೋಟಗಳನ್ನು ಮಾಡಿದ ಪ್ಲಾಂಟರುಗಳು’. ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಬಂದು, ಹೆಸರಿಗೂ ಅದರ ಕ್ರಿಯಾಪದಕ್ಕೂ ನಡುವೆ ಕೂತುಬಿಡುತ್ತದೆ. ಓದುತ್ತಾ ಹೋದವರಿಗೆ ‘ಡಿಡ್ ನಾಟ್’ ಬರುವ ಹೊತ್ತಿಗೆ ಯಾರು ಎಂಬುದೇ ಮರೆತಿರುತ್ತದೆ. ನೆನಪಿನಲ್ಲಿ ಉಳಿದದ್ದು ಪ್ಲಾಂಟರು, ಬೆಟ್ಟ, ಬೆಳೆ. ಈ ಮೂರನ್ನು ಜೋಡಿಸಿ ‘ಬ್ರಿಟಿಷರು ಬೆಟ್ಟಕ್ಕೆ ಕಾಫಿ ತಂದರು’ ಎಂದು ಉತ್ತರಿಸಿದವರು ಒಂಬತ್ತು ಮಂದಿ. ಸ್ವಲ್ಪ ಹೊತ್ತಿನ ಹಿಂದೆ ಬಾಬಾ ಬುಡನ್ ತಂದದ್ದು ಎಂದು ನನ್ನ ಜೊತೆ ವಾದಿಸಿದ ಹುಡುಗನೂ ಅದರಲ್ಲಿದ್ದ! ಅವನೇ ಮೊದಲು ನಕ್ಕದ್ದು.

ಇದಕ್ಕೆ ನಾವು ಮಾಡಿಕೊಂಡ ಉಪಾಯ ಬಹಳ ಸರಳ. ‘ಹೂ’, ‘ವಿಚ್’, ‘ದಟ್’ ಕಂಡಕೂಡಲೇ ಅಲ್ಲಿಂದ ಶುರುವಾಗುವ ತುಂಡನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದುವುದು. ‘ಪ್ಲಾಂಟರುಗಳು ಬೆಳೆಯನ್ನು ಪರಿಚಯಿಸಲಿಲ್ಲ.’ ಎಲುಬು ಸಿಕ್ಕಿತು. ಆಮೇಲೆ ಬೆರಳು ತೆಗೆದು, ಯಾವ ಪ್ಲಾಂಟರುಗಳು ಎಂದು ನೋಡುವುದು. ಪರೀಕ್ಷೆಯ ಪರದೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಲಾಗುವುದಿಲ್ಲ, ಅದಕ್ಕೆ ಕಣ್ಣಿಗೇ ಈ ಅಭ್ಯಾಸ ಆಗಬೇಕು. ನಮ್ಮವರಿಗೆ ಮೊದಲ ವಾರ ಒಂದು ಪ್ಯಾರಾಕ್ಕೆ ಹತ್ತು ನಿಮಿಷ ಹಿಡಿಯಿತು. ಐದನೇ ವಾರದ ಹೊತ್ತಿಗೆ ಬೆರಳು ತಾನಾಗಿಯೇ ಬಿಟ್ಟುಹೋಗಿತ್ತು.

ಆ ವಿದ್ಯಾರ್ಥಿನಿಗೆ ನಾನು ಇನ್ನೊಂದು ಕೆಲಸ ಕೊಟ್ಟಿದ್ದೆ. ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದ ದಿನಕ್ಕೆ ಒಂದೇ ಒಂದು ಪ್ಯಾರಾ ಓದಿ, ಪತ್ರಿಕೆ ಮುಚ್ಚಿಟ್ಟು, ಸಂಜೆ ಮನೆಯಲ್ಲಿ ಉಮ್ಮನಿಗೆ ಬ್ಯಾರಿ ಭಾಷೆಯಲ್ಲಿ ಹೇಳಬೇಕು. ಇಂಗ್ಲಿಷ್ ಕಲಿಯಲು ಬ್ಯಾರಿಯಲ್ಲಿ ಮಾತಾಡುವುದೇ ಎಂದು ಅವಳಿಗೆ ವಿಚಿತ್ರ ಅನಿಸಿತ್ತು. ಅವಳ ಉಮ್ಮ ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ. ಮೂರನೇ ದಿನ ಅವಳು ಬಂದು ಹೇಳಿದಳು: “ಮೇಡಂ, ಉಮ್ಮ ಮಧ್ಯದಲ್ಲಿ ನಿಲ್ಲಿಸಿ, ‘ಇದು ಬರೆದವರು ಹೇಳಿದ್ದಾ, ಸರ್ಕಾರದವರು ಹೇಳಿದ್ದನ್ನು ಅವರು ಬರೆದದ್ದಾ?’ ಅಂತ ಕೇಳಿದರು. ನನಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಬಂದು ಮತ್ತೆ ಓದಿದೆ.” ಪ್ರವೇಶ ಪರೀಕ್ಷೆಯ ಪ್ರಶ್ನೆ ತಯಾರಿಸುವವರು ಕೇಳುವುದೂ ಅದನ್ನೇ. ಮನೆಯಲ್ಲಿ ಕೇಳಿಸಿಕೊಳ್ಳುವವರಿದ್ದರೆ ದುಬಾರಿ ಕೋಚಿಂಗಿಗೆ ಸೇರುವ ಮೊದಲು ಇದನ್ನೊಂದು ತಿಂಗಳು ಮಾಡಿ ನೋಡಿ. ಅರ್ಥವಾಗದ ವಾಕ್ಯವನ್ನು ಇನ್ನೊಬ್ಬರಿಗೆ ಹೇಳಲು ಹೊರಟಾಗ ನಾಲಿಗೆ ತಡವರಿಸುತ್ತದೆ. ಮನಸ್ಸಿನಲ್ಲೇ ಓದಿಕೊಂಡರೆ ಅದು ತಿಳಿಯುವುದೇ ಇಲ್ಲ.

ಊಹೆ ಮಾಡಿ ಉತ್ತರಿಸಬಹುದೇ ಎಂದು ಎಲ್ಲರೂ ಕೇಳುತ್ತೀರಿ. ‘ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ’ ಎಂದು ನಾನು ಹಿಂದೆ ಹೇಳುತ್ತಿದ್ದೆ. ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರು ಚಹಾದ ಹೊತ್ತಿನಲ್ಲಿ ನನ್ನನ್ನು ತಿದ್ದಿದರು. ನಾಲ್ಕು ಆಯ್ಕೆಗಳಿರುವ ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರಿಸಿದರೂ ಸರಾಸರಿ ಒಂದು ಸರಿ, ಮೂರು ತಪ್ಪು. 5ರಲ್ಲಿ 3 ಕಳೆದರೆ 2 ಅಂಕ ಕೈಯಲ್ಲೇ ಉಳಿಯುತ್ತದೆ. ಎರಡು ತಪ್ಪು ಆಯ್ಕೆಗಳನ್ನು ಪ್ಯಾಸೇಜ್ ನೋಡಿ ತೆಗೆದುಹಾಕಿದ್ದರೆ ಅದೇ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿ, ಎರಡು ತಪ್ಪು, 8 ಅಂಕ. ಹಾಗಾಗಿ ಖಾಲಿ ಬಿಡುವುದು ಜಾಣತನವಲ್ಲ. ಆದರೆ ಅದು ಕೊನೆಯ ಐದು ನಿಮಿಷದ ಕೆಲಸ. ಮೊದಲ ಐವತ್ತೈದು ನಿಮಿಷ, ಪ್ರತಿ ಉತ್ತರಕ್ಕೂ ‘ಯಾವ ಸಾಲು’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಸಾಲು ತೋರಿಸಲಾಗದ ಉತ್ತರ ನಿಮ್ಮ ಸಾಮಾನ್ಯ ಜ್ಞಾನದಿಂದ ಬಂದದ್ದು, ಪ್ಯಾಸೇಜಿನಿಂದ ಅಲ್ಲ.

ಆ ವಿದ್ಯಾರ್ಥಿನಿ ಬಯಸಿದ್ದ ದೆಹಲಿಯ ಸೀಟು ಅವಳಿಗೆ ಸಿಗಲಿಲ್ಲ. ಬೇರೆ ವಿಷಯಗಳಲ್ಲಿ ಅಂಕ ಸಾಲಲಿಲ್ಲ. ಬರೆದ ಪತ್ರಿಕೆಗಳಲ್ಲಿ ಅವಳಿಗೆ ಹೆಚ್ಚು ಅಂಕ ಬಂದದ್ದು ಇಂಗ್ಲಿಷಿನಲ್ಲೇ. ಈಗ ಮನೆಯ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ಸ್ನಾತಕೋತ್ತರ ಪದವಿಗೆ ಮತ್ತೆ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎನ್ನುತ್ತಾಳೆ. ಉಮ್ಮನಿಗೆ ಓದಿ ಹೇಳುವುದು ನಿಂತಿಲ್ಲವಂತೆ. (ಇದು ‘ಅಂತೆ’, ನಾನು ಕಂಡದ್ದಲ್ಲ.)

ಬಾಬಾ ಬುಡನ್ ಪ್ಯಾಸೇಜಿನ ಇಂಗ್ಲಿಷ್ ಪ್ರತಿಯನ್ನು ಲೈಬ್ರರಿಯ ಬೋರ್ಡಿಗೆ ಹಾಕಿಸಿದ್ದೇನೆ. ಅದರ ನಾಲ್ಕನೇ ಪ್ರಶ್ನೆ ನಿಮಗೆ: ಈ ಪ್ಯಾಸೇಜಿನಿಂದ ಯಾವ ತೀರ್ಮಾನಕ್ಕೆ ಬರಬಹುದು? ‘ಎ’, ಬ್ರಿಟಿಷರು ಬರದಿದ್ದರೆ ಕರ್ನಾಟಕದಲ್ಲಿ ಕಾಫಿ ಇರುತ್ತಿರಲಿಲ್ಲ. ‘ಬಿ’, 19ನೇ ಶತಮಾನದ ದೊಡ್ಡ ತೋಟಗಳಿಗಿಂತ ಮುಂಚೆಯೇ ಇಲ್ಲಿ ಕಾಫಿ ಬೆಳೆ ಇತ್ತೆಂದು ಲೇಖಕರು ಭಾವಿಸುತ್ತಾರೆ. ‘ಸಿ’, ಇಂದಿನ ಎಲ್ಲ ತೋಟಗಳೂ ಆ ಏಳು ಬೀಜಗಳಿಂದಲೇ ಬಂದವು. ‘ಡಿ’, ದಾಖಲೆ ಇಲ್ಲದ ಇತಿಹಾಸವೆಲ್ಲ ಸುಳ್ಳು. ಬರೀ ಅಕ್ಷರ ಬರೆದರೆ ಸಾಲದು. ಯಾವ ವಾಕ್ಯದಿಂದ ಆ ಉತ್ತರ ಬಂತು, ಉಳಿದ ಮೂರು ಯಾಕಲ್ಲ ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಬರೆದು, ಹೆಸರು ಮತ್ತು ತರಗತಿ ಸೇರಿಸಿ, ಶನಿವಾರ ಮಧ್ಯಾಹ್ನದೊಳಗೆ ಸ್ಟಾಫ್ ರೂಮಿನ ಹೊರಗಿರುವ ಪೆಟ್ಟಿಗೆಗೆ ಹಾಕಿ. ಪ್ರಥಮ ಪಿಯುಸಿಯವರೂ ಬರೆಯಬಹುದು.